ಹಳೇ ಮನೆಯ ಜಾಗ

ಭೂಕಂಪದ ನಂತರ ಆರು ವರ್ಷ ತಗಡಿನ ಶೆಡ್ಡಿನಲ್ಲಿ ಕಳೆದ ಯುಡೋಸಿಯಾಗೆ ಕೊನೆಗೂ ಸರ್ಕಾರದವರು ಗುಡ್ಡದ ಮೇಲೆ ಹೊಸ ಮನೆ ಕಟ್ಟಿಕೊಟ್ಟರು. ಕಡಲ ದಂಡೆಯ ಹಳೇ ಮನೆ ಅವಳ ಅತ್ತೆ ಕ್ಲೋಟಿಲ್ಡೆಯ ಮೇಲೇ ಕುಸಿದು ಆಕೆಯ ಪ್ರಾಣ ತೆಗೆದಿತ್ತು. ಈಗ ಅಲ್ಲಿ ಬರೀ ಮರಳು.

ಒಂದು ಬೆಳಿಗ್ಗೆ ಮೀನು ಮಾರುವ ಮರಿತ್ಸಾ ನಕ್ಕಳು: "ಅಲ್ವೇ, ಅಷ್ಟು ಚಂದದ ಮನೆ ಬಿಟ್ಟು ದಿನಾ ಬಂದು ಆ ಖಾಲಿ ಜಾಗ ಗುಡಿಸ್ತೀಯಲ್ಲ, ಹುಚ್ಚೇನೇ ನಿಂಗೆ?"

ಹೊಸ ಮನೆಗೆ ಬಂದ ಮೇಲೆ ಯುಡೋಸಿಯಾ ಅತ್ತ ಕಾಲಿಟ್ಟೇ ಇರಲಿಲ್ಲ. ಹೋಗಿ ನೋಡಿದರೆ ಮರಳಿನ ತುಂಬ ಪೊರಕೆಯ ಗೀರುಗಳಿದ್ದವು, ಹೆಜ್ಜೆಗುರುತು ಒಂದೂ ಇರಲಿಲ್ಲ. ಗುಡಿಸುತ್ತಿದ್ದವರು ಯಾರೆಂದು ಅವಳಿಗೆ ಹೊಳೆಯಿತು. ಮನೆ ಬದಲಾಯಿಸಿದ್ದನ್ನು ಅತ್ತೆಗೆ ಯಾರೂ ಹೇಳಿರಲಿಲ್ಲ.

"ಅತ್ತೇ, ನಾವೀಗ ಗುಡ್ಡದ ಮೇಲಿದೀವಿ. ನೀವೂ ಬನ್ನಿ," ಎಂದವಳೇ ತಿರುಗಿ ನೋಡದೆ ಗುಡ್ಡ ಹತ್ತಿದಳು.

ಬಾಗಿಲಲ್ಲಿದ್ದ ಗಂಡ ವಿಲ್ಮರ್ ಅವಳ ಬೆನ್ನ ಹಿಂದೆ ದಿಟ್ಟಿಸಿದ. ಆಮೇಲೆ ಇಬ್ಬರು ಒಳಬರುವಷ್ಟು ಪಕ್ಕಕ್ಕೆ ಸರಿದ.