ಐದು ಕಡೆ ಒಂದೇ ಮಾತು

ದರ್ಜಿಯ ಅಂಗಡಿಯಲ್ಲಿ ಆ ಬೆಳಿಗ್ಗೆ ಇತ್ಯರ್ಥವಾಗಬೇಕಿದ್ದ ಘನಗಂಭೀರ ಪ್ರಶ್ನೆ ಇದು: ಇರುವ ಒಂದೇ ಪ್ಲಗ್ಗು ಇಸ್ತ್ರಿಪೆಟ್ಟಿಗೆಗೋ, ಫೋನಿಗೋ? ಇಸ್ತ್ರಿಪೆಟ್ಟಿಗೆಯ ಪರವಾಗಿ ಹೆಂಡತಿ ಸುದೀರ್ಘವಾಗಿ ವಾದಿಸಿದಳು. ಫೋನು ಗೆದ್ದಿತು.

"ಸುಮ್ನಿರು, ರಿಸರ್ಚ್ ಮಾಡ್ತಿದೀನಿ," ಎಂದ ದರ್ಜಿ.

ಸಂಶೋಧನೆಯ ವಸ್ತು ಅವನ ಬಲಗಣ್ಣು. ಹಿಂದಿನ ದಿನದಿಂದ ಕೆಂಪಗಾಗಿ, ತಲೆ ಸೀಳುವಂತೆ ನೋಯುತ್ತಿತ್ತು. ಬಲ್ಬಿನ ಸುತ್ತ ಬಣ್ಣದ ಬಳೆಗಳು ಕಾಣುತ್ತಿದ್ದವು. ಎಡಗಣ್ಣು ಚಿಕ್ಕಂದಿನಿಂದಲೂ ಮಂದ. ಸೂಜಿಗೆ ದಾರ ಪೋಣಿಸಿ ಮನೆ ನಡೆಸುತ್ತಿದ್ದುದು ಈ ಬಲಗಣ್ಣೇ.

ಹೊಲಿಯಲು ಕೊಟ್ಟ ಬಟ್ಟೆ ಒಯ್ಯಲು ಬಂದ ನಾದಿನಿ ಆರೋಗ್ಯ ಕಾರ್ಯಕರ್ತೆ. ಕಣ್ಣು ನೋಡಿದವಳೇ ಬೆಚ್ಚಿದಳು.

"ಭಾವ, ಏಳಿ. ಈಗಲೇ ಕಣ್ಣಿನ ಆಸ್ಪತ್ರೆಗೆ ಹೋಗೋಣ."

"ಬರೀ ದಣಿವಂತೆ ಕಣಮ್ಮ. ಜೇನುತುಪ್ಪ ಬಿಟ್ಕೊಂಡ್ರೆ ನಾಲ್ಕು ದಿನದಲ್ಲಿ ಸರಿಹೋಗತ್ತೆ. ಒಂದಲ್ಲ, ಐದು ಕಡೆ ನೋಡಿದೀನಿ. ಐದರಲ್ಲೂ ಒಂದೇ ಮಾತು!"

ಅವಳು ಫೋನು ಕಸಿದುಕೊಂಡು ಬೆರಳಾಡಿಸಿದಳು. "ಒಂದೇ ಮಾತೇನು, ಸಾಲುಗಳೂ ಅವೇ. ಒಬ್ಬ ಬರೆದಿದ್ದನ್ನ ಮಿಕ್ಕವರು ಎತ್ತಿ ಹಾಕಿದಾರೆ. ಒಂದೇ ಅಳತೆಗೆ ಐದು ಅಂಗಿ ಹೊಲಿದ್ರೆ ಐದು ಜನರ ಅಳತೆ ತಗೊಂಡಂಗಾಯ್ತಾ ಭಾವ?"

"ಡಾಕ್ಟರ ಫೋಟೋನೂ ಇದೆಯಲ್ಲ!"

"ಹೆಸರೆಲ್ಲಿದೆ? ಯಾವ ಆಸ್ಪತ್ರೆ? ಯಾವಾಗ ಬರೆದದ್ದು? ಕೆಳಗೆ ನೋಡಿ, ಅದೇ ಜೇನಿನ ಬಾಟಲಿ ಮಾರಾಟಕ್ಕಿದೆ. ಈ ಪುಣ್ಯಾತ್ಮ ಇನ್ನೊಂದು ಕಡೆ ಕೂದಲೆಣ್ಣೆ ಮಾರ್ತಿದಾನೆ!"

"ಎಲ್ಲದರಲ್ಲೂ ಹುಳುಕು ಹುಡುಕ್ತೀಯ. ಎಷ್ಟಾದ್ರೂ ನಿಮ್ಮಕ್ಕನ ತಂಗಿ."

"ನಾನೇನ್ರೀ ಮಾಡಿದೆ?" ಎಂದಳು ಹೆಂಡತಿ.

ದರ್ಜಿ ಜಗ್ಗಲಿಲ್ಲ. ಕಣ್ಣಿಗೆ ಜೇನು ಬಿಟ್ಟುಕೊಂಡ. ನಾದಿನಿ ದಿನವೂ ಬಂದು ಬೇಡಿದಳು, ಬೈದಳು, ಅತ್ತಳು. ನಾಲ್ಕನೆಯ ದಿನ ನೋವು ತಗ್ಗಿತು. "ನೋಡಿದ್ಯಾ?" ಎಂದು ಬೀಗಿದ. ಆದರೆ ಅವಳು ನಿಂತ ಕಡೆ ಬಿಟ್ಟು ಬಾಗಿಲ ಕಡೆ ಮುಖ ಮಾಡಿ ಹೇಳಿದ್ದ.

ಅಂದೇ ಕಣ್ಣಿನ ಆಸ್ಪತ್ರೆಗೆ ಕರೆದೊಯ್ದರು. ಕಣ್ಣೊಳಗಿನ ಒತ್ತಡ ಏರಿ ನರ ಸತ್ತಿದೆ ಎಂದರು ವೈದ್ಯರು. ಮೊದಲ ದಿನವೇ ಬಂದಿದ್ದರೆ ಉಳಿಸಬಹುದಿತ್ತೇನೋ ಎಂದೂ ಹೇಳಿದರು. ಈಗ ಮನೆಯವರೆಲ್ಲರಿಗೂ ನಾದಿನಿಯ ಮಾತಿನಲ್ಲಿ ಪೂರ್ಣ ನಂಬಿಕೆ.

ಓದುತ್ತಿರುವವರೇ, ಫೋನಿನಲ್ಲಿ ಏನನ್ನೇ ಹುಡುಕಿ. ಬರೆದವರು ಯಾರು, ಯಾವಾಗ ಬರೆದರು, ನಾವು ನಂಬಿದರೆ ಲಾಭ ಯಾರಿಗೆ ಎಂದು ಕೇಳಿ. ಐದು ಕಡೆ ಕಂಡದ್ದು ಐದು ಜನ ಬಲ್ಲವರ ಮಾತೋ, ಒಬ್ಬನ ನಕಲೋ ನೋಡಿ. ನೋಯುತ್ತಿರುವುದು ಕಣ್ಣಾದರೆ ಇದನ್ನೂ ಕೇಳುತ್ತ ಕೂರಬೇಡಿ. ವೈದ್ಯರ ಬಳಿಗೆ ಹೊರಡಿ.

ದರ್ಜಿಗೆ ನೋಟ ಮರಳಲಿಲ್ಲ. ಹೊಲಿಗೆ ಯಂತ್ರವನ್ನು ಮಾರಿದರು.