ನಾಲಿಗೆಯಡಿಯ ಹನಿ

ಕ್ಯಾನ್ಸರ್ ಚಿಕಿತ್ಸೆ ಶುರುವಾದ ಮೇಲೆ ಆ ದರ್ಜಿ ಹೆಂಗಸಿಗೆ ಅಳುವೂ ಬರುತ್ತಿರಲಿಲ್ಲ, ನಗುವೂ ಬರುತ್ತಿರಲಿಲ್ಲ. ಗಿರಾಕಿಗಳು ಸಮಾಧಾನ ಹೇಳಿದರೆ ಗೋಡೆಗೆ ಹೇಳಿದಂತಾಗುತ್ತಿತ್ತು.

ಒಂದು ದಿನ ಅವಳ ತಮ್ಮ ಸಿಬಿಡಿ ಎಣ್ಣೆಯ ಪುಟ್ಟ ಸೀಸೆ ತಂದ. "ಗಾಂಜಾ ಜಾತಿಯ ಗಿಡದ್ದು. ಅಮಲೇರಲ್ಲ. ಗಡ್ಡೆ ಕರಗಿಸುತ್ತಂತೆ, ಅಕ್ಕಾ."

"ಅಂತೆ ಕಂತೆ ಹೊಲಿದರೆ ಅಂಗಿಯಾಗಲ್ಲ ಕಣೋ," ಎಂದಳು. ಆದರೂ ಅವನ ಮನಸ್ಸು ಮುರಿಯಲಾರದೆ ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಸೀಸೆಯನ್ನು ಡಾಕ್ಟರಮ್ಮನ ಮೇಜಿನ ಮೇಲಿಟ್ಟಳು.

"ಗಡ್ಡೆ ಕರಗುತ್ತೆ ಅನ್ನೋದಕ್ಕೆ ಆಧಾರ ಇಲ್ಲ," ಎಂದರು ಅವರು. "ಕೆಲವರಿಗೆ ನಿದ್ದೆಗೆ, ವಾಕರಿಕೆಗೆ ಅನುಕೂಲ ಆಗಬಹುದು. ನಮ್ಮ ಔಷಧಿ ಮಾತ್ರ ಬಿಡಬೇಡಿ. ಎರಡೂ ಒಂದಕ್ಕೊಂದು ಒಗ್ಗದೇ ಹೋಗಬಹುದು, ರಕ್ತಪರೀಕ್ಷೆ ಮಾಡಿಸ್ತಾ ನೋಡೋಣ."

ದಿನವೂ ನಾಲಿಗೆಯಡಿ ಹನಿ ಬಿಟ್ಟುಕೊಂಡಳು. ಒಣಹುಲ್ಲು ಜಗಿದ ರುಚಿ. ಕೆಲವು ವಾರಗಳ ಮೇಲೆ ಸ್ಕ್ಯಾನ್ ಮಾಡಿಸಿದಾಗ ಗಡ್ಡೆ ಇದ್ದ ಹಾಗೇ ಇತ್ತು. ತಮ್ಮನ ಮುಖ ಸಪ್ಪಗಾಯಿತು. ಅವಳಿಗೆ ಬೇಜಾರೂ ಆಗಲಿಲ್ಲ.

"ನಿದ್ದೆಯಂತೂ ಬರ್ತಿದೆ ಬಿಡು. ಎಣ್ಣೆಯಿಂದಲೋ ಸುಸ್ತಿನಿಂದಲೋ, ಯಾರಿಗೆ ಗೊತ್ತು," ಎಂದು ಅಂಗಡಿಗೆ ಬಂದು ಮಿಷಿನ್ ಮುಂದೆ ಕೂತಳು. ತಮ್ಮ ಬಾಗಿಲಲ್ಲೇ ನಿಂತಿದ್ದ.

"ಕೂತ್ಕೋ. ಈ ಕಾಲರ್ ಮುಗಿಸ್ತೀನಿ, ಆಮೇಲೆ ಊಟ ಮಾಡೋಣ."

ಚಿಕಿತ್ಸೆ ಶುರುವಾದಂದಿನಿಂದ ಊಟದ ಮಾತನ್ನು ಅವಳು ತಾನಾಗಿ ಎತ್ತಿದ್ದು ಅದೇ ಮೊದಲು. ಅದು ಅವಳ ಗಮನಕ್ಕೂ ಬರಲಿಲ್ಲ.