ಜಾಗ ಬಿಡದ ಅರವತ್ತು ಕಲ್ಲುಗಳು

ಹಳ್ಳಕ್ಕೆ ತಿರುವು ಕೊಡುವುದು ಅವಳ ಕಸುಬು. ಹಿಂದಿನವರು ಹಳ್ಳಗಳನ್ನು ಹಿಡಿದು, ಎರಡು ಬದಿಗೂ ಕಾಂಕ್ರೀಟು ಬಡಿದು, ಅಳತೆಗೋಲಿನ ಹಾಗೆ ನೆಟ್ಟಗೆ ಮಾಡಿಟ್ಟಿದ್ದರು. ಇವಳು ಆ ಕಾಂಕ್ರೀಟು ಒಡೆಸಿ, ನೀರು ಮತ್ತೆ ಬಳುಕುತ್ತಾ ಹರಿಯಲೆಂದು ದಾರಿ ಬರೆದುಕೊಡುತ್ತಿದ್ದಳು. ದಡದಲ್ಲಿ ಕೋಲು ಹಿಡಿದು ನಿಂತು "ಇಲ್ಲಿ ತಿರುಗಿಸಿ, ಇನ್ನೂ ತಿರುಗಿಸಿ" ಎಂದು ಕೂಗಿ ಕೂಗಿ, ಮಣ್ಣೆತ್ತುವ ಯಂತ್ರ ಓಡಿಸುವವರ ಬಾಯಲ್ಲಿ ಅವಳಿಗೆ ತಿರುವಕ್ಕ ಎಂಬ ಹೆಸರು ಬಿದ್ದಿತ್ತು. ಅದು ಹೇಗೋ ಮನೆಯ ಹೊಸಿಲನ್ನೂ ದಾಟಿ ಬಂದು, ಈಗ ಅತ್ತೆಯೂ ಸಿಟ್ಟು ಬಂದಾಗ ಹಾಗೆಯೇ ಕರೆಯುತ್ತಿದ್ದರು. ಅವಳು ಎಷ್ಟು ಕೂಗಿದರೂ ತನಗೆ ಬೇಕಾದಾಗಲೇ ತಿರುಗುವವನು ಗಂಡನೊಬ್ಬ.

ಮೂರು ವರ್ಷದ ಹಿಂದೆ ಊರಿನ ಕೆಳಭಾಗದ ಹಳ್ಳಕ್ಕೆ ತಿರುವಕ್ಕ ಏಳು ತಿರುವು ಕೊಟ್ಟಿದ್ದಳು. ಶಾಲೆಯ ಹಿಂದಿನ ಮೇಲ್ಭಾಗ ಇನ್ನೂ ಕಾಂಕ್ರೀಟು ಚರಂಡಿಯಾಗಿಯೇ ಇತ್ತು. ಅದರ ನಕ್ಷೆಯೂ ಅವಳ ಮೇಜಿನ ಮೇಲೆ ತಯಾರಾಗಿ ಕೂತಿತ್ತು. ಕೆಳಭಾಗ ಪಾಸಾದರೆ ಮೇಲ್ಭಾಗಕ್ಕೆ ಒಪ್ಪಿಗೆ. ನಪಾಸಾದರೆ ನಕ್ಷೆ ಸುರುಳಿ ಸುತ್ತಿಕೊಂಡು ಬೀರುವಿನ ತಲೆಗೆ.

ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಮಾತು ಇಲಾಖೆಯವರಿಗೂ ಗೊತ್ತಿತ್ತು. ಹಾಗಾಗಿ ಹಳ್ಳ ರೂಪಿಸಿದವರು ತಮ್ಮ ಹಳ್ಳಕ್ಕೆ ತಾವೇ ಅಂಕ ಹಾಕುವಂತಿರಲಿಲ್ಲ. ಅದಕ್ಕೆ ಬೇರೆಯೇ ಒಬ್ಬ ಪರೀಕ್ಷಕರಿದ್ದರು. ಮೊಣಕಾಲಿನವರೆಗೆ ರಬ್ಬರ್ ಬೂಟು, ಕೊರಳಿಗೆ ಅಳತೆಪಟ್ಟಿ. ನಗುವನ್ನು ಮಾತ್ರ ಮನೆಯಲ್ಲೇ ಮರೆತು ಬರುವ ಮನುಷ್ಯ. ಮೂರನೆಯ ತಿರುವಿನಲ್ಲಿ, ನೀರು ತೆಳ್ಳಗೆ ಹರಿಯುವ ಕಡೆ, ಮುಷ್ಟಿಗಾತ್ರದ ಅರವತ್ತು ಕಲ್ಲಿಗೆ ಹಳದಿ ಬಣ್ಣ ಬಳಿದು, ಒಂದರಿಂದ ಅರವತ್ತರವರೆಗೆ ಅಂಕೆ ಬರೆದು, ಹತ್ತು ಹತ್ತರ ಆರು ಸಾಲಾಗಿ ಜೋಡಿಸಿದ್ದರು. ಮಳೆಗಾಲದಲ್ಲಿ ಪ್ರತಿ ಸಲ ಹಳ್ಳ ತುಂಬಿ ಇಳಿದ ವಾರಕ್ಕೆ ಬಂದು, ಯಾವ ಕಲ್ಲು ಎಷ್ಟು ದೂರ ಹೋಗಿದೆ ಎಂದು ಅಳೆಯುವುದು ಅವರ ಕೆಲಸ. ಜೀವವಿರುವ ಹಳ್ಳ ಕಲ್ಲು ಉರುಳಿಸುತ್ತದೆ. ಉರುಳಿಸಲಾರದ ಹಳ್ಳದಲ್ಲಿ ಹೂಳು ಕೂತು, ಮೀನಿಗೆ ಮೊಟ್ಟೆಯಿಡಲೂ ಜಾಗವಿಲ್ಲದಂತಾಗುತ್ತದೆ.

ಸೋಮವಾರ ಬೆಳಿಗ್ಗೆ ಪರೀಕ್ಷಕರು ಅವಳನ್ನು ಕರೆಸಿದರು.

"ಮೂರು ಸಲ ಅಳತೆ ಮಾಡಿದೆ ಕಣಮ್ಮ. ಅರವತ್ತಕ್ಕೆ ಅರವತ್ತೂ ಇಟ್ಟಲ್ಲೇ ಇವೆ. ಒಂದು ಕಲ್ಲೂ ಮಿಸುಕಿಲ್ಲ."

"ಒಂದೂ ಇಲ್ವಾ ಸಾರ್? ಹೋದ ತಿಂಗಳು ಕಾಲುಸೇತುವೆ ಮೇಲೇ ನೀರು ಬಂದಿತ್ತಲ್ಲ!"

"ಬಂದಿರಬಹುದು. ಬಂದು, ಕಲ್ಲಿಗೆ ನಮಸ್ಕಾರ ಹಾಕಿ ಹೋಗಿದೆ. ಇಳಿಜಾರು ಸಾಲದು, ನೀರಿಗೆ ತ್ರಾಣ ಇಲ್ಲ ಅಂತ ಬರೀಬೇಕಾಗುತ್ತೆ. ಶುಕ್ರವಾರ ವರದಿ ಕಳಿಸ್ತೀನಿ."

ತಿರುವಕ್ಕನಿಗೆ ನಂಬಲಾಗಲಿಲ್ಲ. ದಡದಲ್ಲಿ ನಿಂತು ಅವಳೇ ನೋಡಿದ್ದಳು: ನುರುಜುಗಲ್ಲು ತೊಳೆದಿಟ್ಟ ಹಾಗೆ ಶುಭ್ರವಾಗಿತ್ತು, ಮರಿಮೀನುಗಳು ಗುಂಪು ಗುಂಪಾಗಿ ಓಡಾಡುತ್ತಿದ್ದವು. ತ್ರಾಣವಿಲ್ಲದ ನೀರು ಇಷ್ಟು ಚೊಕ್ಕಟವಾಗಿ ಮನೆ ಗುಡಿಸುತ್ತದೆಯೇ?

"ಒಂದು ಸಲ ನಿಮ್ಮ ಜೊತೆ ಬಂದು ನೋಡ್ತೀನಿ ಸಾರ್. ನೀರಿಗೆ ಬೆರಳೂ ತಾಗಿಸಲ್ಲ."

ಪರೀಕ್ಷಕರು ಒಪ್ಪಿದರು. ಇಬ್ಬರೂ ಮೂರನೆಯ ತಿರುವಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು ನೋಡಿದರು. ಕಲ್ಲುಗಳು ಪಾಠ ಒಪ್ಪಿಸಲು ನಿಂತ ಮಕ್ಕಳ ಹಾಗೆ ಸಾಲಾಗಿದ್ದವು. ತಿರುವಕ್ಕ ಒಂದೊಂದೇ ಅಂಕೆ ಓದುತ್ತಾ ಹೋದಳು. ಓದುತ್ತಾ ಓದುತ್ತಾ ಅವಳಿಗೆ ಏನೋ ಮುಳ್ಳು ಚುಚ್ಚಿದ ಹಾಗಾಯಿತು. ಇಷ್ಟು ಸಲೀಸಾಗಿ ಓದಲು ಆಗುತ್ತಿರುವುದಾದರೂ ಹೇಗೆ? ಅರವತ್ತು ಕಲ್ಲಿನ ಅಂಕೆಯೂ ಮೇಲ್ಮುಖವಾಗಿತ್ತು. ಅಷ್ಟೇ ಅಲ್ಲ, ಎಲ್ಲವೂ ದಡದ ಕಡೆಯಿಂದ ಓದುವವರಿಗೆ ಅನುಕೂಲವಾಗುವಂತೆ ನೇರವಾಗಿ ಕೂತಿದ್ದವು. ಮೂರು ಪ್ರವಾಹ ಕಂಡ ಕಲ್ಲುಗಳು! ನೀರು ಯಾವ ಶಾಲೆಗೆ ಹೋಗಿ ಓದು ಕಲಿತಿತು?

ಆಮೇಲೆ ಅವಳ ಕಣ್ಣು ಇಪ್ಪತ್ಮೂರನೇ ಕಲ್ಲಿನ ಮೇಲೆ ಬಿತ್ತು. ಉಳಿದವುಗಳ ಬಣ್ಣ ಅಲ್ಲಲ್ಲಿ ಸವೆದಿದ್ದರೆ ಇದು ಮಾತ್ರ ಹೊಸ ಮದುಮಗನಂತೆ ಮಿರಿಮಿರಿ ಮಿಂಚುತ್ತಿತ್ತು. ಆ ಹಳದಿಯನ್ನು ಅವಳು ದಿನವೂ ನೋಡುತ್ತಿದ್ದಳು. ಅದು ಅವರ ಮನೆಯ ಹಿಂಬಾಗಿಲಿನ ಬಣ್ಣ.

ನಾಲಿಗೆಯ ತುದಿಗೆ ಬಂದ ಮಾತನ್ನು ಅವಳು ನುಂಗಿಕೊಂಡಳು. ಪರೀಕ್ಷಕರ ಕಣ್ಣಿಗೆ ಅದು ಬಿದ್ದಿರಲಿಲ್ಲ. ಅವರು ಆಗಲೇ ಅಳತೆಪಟ್ಟಿ ಸುತ್ತುತ್ತಿದ್ದರು. "ನಾಳೆ ಬೆಳಿಗ್ಗೆ ಇನ್ನೊಂದ್ಸಲ ಸಿಗ್ತೀರಾ ಸಾರ್, ಇಲ್ಲೇ?" ಎಂದಷ್ಟೇ ಕೇಳಿದಳು.

ಮನೆಗೆ ಬಂದಾಗ ಮಾವ ಹಿಂದಿನ ಮೆಟ್ಟಿಲ ಮೇಲೆ ಕೂತು ಬೂಟಿಗೆ ಹತ್ತಿದ ಕೆಸರು ಕೆರೆಯುತ್ತಿದ್ದರು. ಮೂವತ್ನಾಲ್ಕು ವರ್ಷ ಅಂಚೆಯಣ್ಣನಾಗಿ ಮನೆಮನೆಗೂ ಕಾಗದ ಹಂಚಿದ ಜೀವ. ನಿವೃತ್ತರಾದರೂ ಬೆಳಿಗ್ಗೆ ಆರಕ್ಕೆ ಒಂದು ಸುತ್ತು ಹೋಗಿಬರದಿದ್ದರೆ ಅವರಿಗೆ ತಿಂದದ್ದು ಅರಗುತ್ತಿರಲಿಲ್ಲ.

"ಮಾವ, ಹಳ್ಳದ ಕಡೆ ಹೋಗಿದ್ರಾ?"

ಮಾವನ ಮುಖ ಊರಗಲವಾಯಿತು. "ಕೊನೆಗೂ ಕಂಡುಹಿಡಿದ್ಯಲ್ಲ! ನಾನಾಗಿ ಹೇಳಬಾರದು ಅಂತ ಬಾಯಿ ಹೊಲ್ಕೊಂಡಿದ್ದೆ. ಒಂದು ಕಲ್ಲೂ ಹೋಗೋಕೆ ಬಿಟ್ಟಿಲ್ಲ ಕಣಮ್ಮ. ಒಂದೂ!"

"ಪ್ರತಿ ಸಲಾನೂ ನೀವೇ..."

"ಮತ್ತಿನ್ಯಾರು? ನೀರು ಇಳಿದ ಮಾರನೇ ದಿನವೇ ಚೀಲ ತಗೊಂಡು ಹೋಗ್ತೀನಿ. ಅಬ್ಬಬ್ಬಾ, ಏನು ಓಟ ಓಡ್ತಾವೆ! ನಲವತ್ತೆಂಟು ಅಂತೂ ಆರನೇ ತಿರುವಲ್ಲಿ ಸಿಕ್ತು. ಹುಡುಕಿ ತಂದು, ನಂಬರ್ ನೋಡಿ, ಅದರದರ ಸಾಲಿಗೆ ಸೇರಿಸಿದ್ದೀನಿ. 'ಆ ಕಲ್ಲುಗಳ ಮೇಲೆ ನನ್ನ ಪರೀಕ್ಷೆ ನಿಂತಿದೆ' ಅಂತ ನೀನೇ ಊಟಕ್ಕೆ ಕೂತಾಗ ಹೇಳಿದ್ಯಲ್ಲ? ಇಟ್ಟ ಕಲ್ಲು ನಿಲ್ಲಲ್ಲ ಅಂದ್ರೆ ಕಟ್ಟಿದವರಿಗೆ ಏನು ಮರ್ಯಾದೆ?"

ಒಳಗಿನಿಂದ ಅತ್ತೆಯ ದನಿ ಬಂತು: "ಕೇಳಿಸ್ಕೊಂಡ್ಯಾ ತಿರುವಕ್ಕ? ಮನೇಲಿ ಕುಡಿದ ಲೋಟ ಎತ್ತಿಡದ ಮಹಾನುಭಾವರು ಹಳ್ಳದಲ್ಲಿ ಅರವತ್ತು ಕಲ್ಲು ಎತ್ತಿಡ್ತಾರಂತೆ!"

"ನೀನು ಸುಮ್ನಿರೇ. ಲೋಟಕ್ಕೆ ನಂಬರ್ ಹಾಕಿದ್ದೀಯಾ?"

ತಿರುವಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಾವನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತಳು. ಬಾಯಿ ಮುಚ್ಚಿಕೊಂಡಿದ್ದರೆ ಹಳ್ಳ ನಪಾಸು. ಹೇಳಿದರೆ ಈ ಮುಖದ ಬೆಳಕು ಆರುತ್ತದೆ. ಹೇಳಿದರೂ ಪರೀಕ್ಷಕರು ನಂಬುವುದು ಅನುಮಾನ. ಸೊಸೆಯ ಹಳ್ಳ, ಮಾವನ ಸಾಕ್ಷಿ! ಇಬ್ಬರೂ ಸೇರಿ ಹೂಡಿದ ಆಟವೆಂದರೆ ಏನು ಮಾಡುವುದು?

"ಮಾವ, ಬೇಜಾರು ಮಾಡ್ಕೋಬೇಡಿ. ಆ ಕಲ್ಲುಗಳು ಓಡಿಹೋಗ್ಲಿ ಅಂತಲೇ ಇಟ್ಟಿದ್ದು. ಎಷ್ಟು ದೂರ ಓಡಿದ್ರೆ ಅಷ್ಟು ಒಳ್ಳೇದು. ಒಂದೂ ಓಡಿಲ್ಲ ಅಂತ ಈಗ ನನ್ನ ಹಳ್ಳ ಫೇಲಾಗ್ತಿದೆ."

ಮಾವ ಕೆಸರು ಕೆರೆಯುವುದನ್ನು ನಿಲ್ಲಿಸಿದರು.

"ಓಡಿಹೋಗ್ಲಿ ಅಂತ ನಂಬರ್ ಹಾಕಿ ಇಡೋದಾ?" ಎಂದರು ಸಣ್ಣ ದನಿಯಲ್ಲಿ. "ಅದ್ಯಾವ ಪದ್ಧತಿಯಮ್ಮ?" ಆಮೇಲೆ ಕೆರೆದು ಮುಗಿಯದ ಬೂಟನ್ನೇ ಕಾಲಿಗೆ ಸಿಕ್ಕಿಸಿಕೊಂಡರು. "ನಡಿ. ಆ ಪರೀಕ್ಷಕರ ಮನೆ ಎಲ್ಲಿ? ನಾನೇ ಹೇಳ್ತೀನಿ."

"ನಾಳೆ ಬೆಳಿಗ್ಗೆ ಸಿಗ್ತಾರೆ ಮಾವ. ಆದ್ರೆ ಒಂದು ಮಾತು. ಇಪ್ಪತ್ಮೂರಕ್ಕೆ ನಮ್ಮ ಹಿಂಬಾಗಿಲ ಬಣ್ಣ ಯಾಕಿದೆ?"

ಮಾವನ ಕಿವಿ ಕೆಂಪಾಯಿತು. "ಅದು... ಅದೊಂದು ಸಿಗಲಿಲ್ಲ. ಎರಡು ದಿನ ಹುಡುಕಿದೆ. ಕೊನೆಗೆ ಅದರ ಬದಲಿಗೆ ಅಷ್ಟೇ ದಪ್ಪದ ಬೇರೆ ಕಲ್ಲಿಗೆ ಬಣ್ಣ ಹಚ್ಚಿಟ್ಟೆ. ತಪ್ಪು ಅಂತ ಗೊತ್ತಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ."

ತಿರುವಕ್ಕ ಥಟ್ಟನೆ ಎದ್ದು ನಿಂತಳು. "ಅಂದ್ರೆ ನಿಜವಾದ ಇಪ್ಪತ್ಮೂರು ಇನ್ನೂ ಹಳ್ಳದಲ್ಲೇ ಇದೆ!"

ಮರುದಿನ ಪರೀಕ್ಷಕರು ದಡದಲ್ಲಿ ನಿಂತು ಮಾವನ ಮಾತನ್ನೆಲ್ಲ ಕೇಳಿದರು. ಕೇಳುವಾಗ ಅವರ ಮುಖ ಕಾಂಕ್ರೀಟಿನ ಹಾಗೇ ಇತ್ತು.

"ಹಿರಿಯರು ನೀವು, ಸುಳ್ಳು ಹೇಳ್ತೀರಿ ಅನ್ನಲ್ಲ. ಆದ್ರೆ ನಾನು ವರದಿಯಲ್ಲಿ 'ಹಳ್ಳ ರೂಪಿಸಿದವರ ಮಾವ ಹೀಗೆ ಹೇಳಿದರು' ಅಂತ ಬರೆಯೋಕಾಗುತ್ತಾ?"

"ಬೇಡ ಸಾರ್," ಎಂದಳು ತಿರುವಕ್ಕ. "ಇಲಾಖೆಯ ಬಣ್ಣ, ನಿಮ್ಮದೇ ಕೈಬರಹ ಇರೋ ಇಪ್ಪತ್ಮೂರು ಕೆಳಗಡೆ ಸಿಕ್ಕಿದ್ರೆ ನಂಬ್ತೀರಾ?"

"ಸಿಗಲಿ, ನೋಡೋಣ."

ಹುಡುಕಾಟ ಶುರುವಾಯಿತು. ಮಾವ ಮುಂದೆ, ಪರೀಕ್ಷಕರು ಹಿಂದೆ. ತಿರುವಕ್ಕ ಮಾತು ಕೊಟ್ಟಿದ್ದಕ್ಕೆ ದಡದ ಮೇಲೆ. ಮಾವ ಸುಮ್ಮನೆ ನಡೆಯಲಿಲ್ಲ. ಪ್ರತಿ ಕಲ್ಲಿನ ಚರಿತ್ರೆಯನ್ನೂ ಹೇಳುತ್ತಾ ಹೋದರು. "ಇಲ್ಲಿ ಐದು, ಒಂಬತ್ತು, ಮೂವತ್ತು, ಮೂರೂ ಒಟ್ಟಿಗೆ ಸಿಕ್ಕಿದ್ವು, ಜಗಳವಾಡಿ ಮನೆ ಬಿಟ್ಟ ಅಣ್ಣತಮ್ಮಂದಿರ ಹಾಗೆ. ಈ ಬೇರಿನ ಕೆಳಗೆ ಹದಿನಾಲ್ಕು. ಅದು ಸೋಮಾರಿ, ಪ್ರತಿ ಸಲ ಇಲ್ಲೇ ಬಂದು ಮಲಗ್ತಿತ್ತು." ಪರೀಕ್ಷಕರು ಮೊದಲು ತಲೆಯಾಡಿಸಿದರು. ಆಮೇಲೆ ಜೇಬಿನಿಂದ ಪುಸ್ತಕ ತೆಗೆದರು. ಐದನೆಯ ತಿರುವಿಗೆ ಬರುವಷ್ಟರಲ್ಲಿ "ಸ್ವಲ್ಪ ನಿಧಾನ ಯಜಮಾನ್ರೇ, ಹದಿನೇಳು ಎಲ್ಲಿ ಅಂದ್ರಿ?" ಎನ್ನುತ್ತಿದ್ದರು.

ಇಪ್ಪತ್ಮೂರು ಮಾತ್ರ ಪತ್ತೆಯಿಲ್ಲ. ಬಿಸಿಲು ನೆತ್ತಿಗೇರಿತು. ತಿರುವಕ್ಕ ನಿಂತಲ್ಲಿ ನಿಲ್ಲಲಾಗದೆ ಕೂಗಿದಳು: "ಮಾವ, ನೀವು ಹುಡುಕದೆ ಬಿಟ್ಟ ಜಾಗ ಯಾವುದು?"

"ಆ ಮಡು ಒಂದೇ. ಸೊಂಟಮಟ್ಟ ನೀರು. ಇಳಿದ್ರೆ ನಿಮ್ಮತ್ತೆ ಮನೆಗೆ ಸೇರಿಸ್ತಿರಲಿಲ್ಲ."

ಆರನೆಯ ತಿರುವಿನ ಆ ಮಡು ತಿರುವಕ್ಕನ ನಕ್ಷೆಯಲ್ಲಿ ಇರಲಿಲ್ಲ. ಅವಳು ಇರಿಸಿದ ಮರದ ದಿಮ್ಮಿಯ ಪಕ್ಕದಲ್ಲಿ ನೀರು ತಾನಾಗಿ ತೋಡಿಕೊಂಡಿತ್ತು. ಪರೀಕ್ಷಕರು ಮಡುವನ್ನು ನೋಡಿದರು, ಬೂಟನ್ನು ನೋಡಿದರು. ನಿಟ್ಟುಸಿರು ಬಿಟ್ಟು ಇಳಿದೇಬಿಟ್ಟರು. ಬೂಟಿನೊಳಗೆ ನೀರು ಗುಳುಗುಳು ಎಂದಿತು. ಕೈಯನ್ನು ಭುಜದವರೆಗೆ ಅದ್ದಿ, ಮುಖ ಸಿಂಡರಿಸಿ, ತಡಕಾಡಿ ಮೂರು ಬರಿಗಲ್ಲು ತೆಗೆದು ಎಸೆದರು. ನಾಲ್ಕನೆಯದನ್ನು ತೆಗೆದವರು ಎಸೆಯಲಿಲ್ಲ. ಹೆಬ್ಬೆರಳಿನಿಂದ ಪಾಚಿ ಒರೆಸಿದರು. ಹಳದಿ ಕಂಡಿತು. ಇನ್ನೂ ಒರೆಸಿದರು.

"ನನ್ನದೇ ಬರಹ," ಎಂದರು.

ಒಂದು ಕೈಯಲ್ಲಿ ನಿಜವಾದ ಇಪ್ಪತ್ಮೂರು, ಮಾವ ತಂದುಕೊಟ್ಟ ಮೇಲೆ ಇನ್ನೊಂದು ಕೈಯಲ್ಲಿ ಹಿಂಬಾಗಿಲಿನ ಇಪ್ಪತ್ಮೂರು. ಎರಡನ್ನೂ ತೂಗಿ ನೋಡುತ್ತಾ ನಿಂತಿದ್ದ ಆ ಮನುಷ್ಯನ ಹೊಟ್ಟೆ ಮೊದಲು ಕುಲುಕಿತು. ಆಮೇಲೆ ಭುಜ ಕುಲುಕಿತು. ಸೊಂಟಮಟ್ಟ ನೀರಿನಲ್ಲಿ ನಿಂತು ಅವರು ಕೆಮ್ಮು ಬರುವಷ್ಟು ನಕ್ಕರು.

"ಯಜಮಾನ್ರೇ, ನನ್ನ ಬರಹಕ್ಕಿಂತ ನಿಮ್ಮ ನಕಲಿಯದೇ ದುಂಡಗಿದೆ."

"ಹಾಗಂತ ವರದಿಯಲ್ಲಿ ಬರೀಬೇಡಿ ಸಾರ್," ಎಂದರು ಮಾವ ಗಾಬರಿಯಿಂದ.

ಆದರೆ ಒಂದು ಕಲ್ಲಿನಿಂದ ತೀರ್ಪಾಗುವುದಿಲ್ಲ. ಪರೀಕ್ಷಕರು ಶುಕ್ರವಾರದ ವರದಿಯನ್ನು ತಡೆಹಿಡಿದು, ಅರವತ್ತು ಕಲ್ಲುಗಳನ್ನು ಹೊಸದಾಗಿ ಸಾಲಿಗಿಟ್ಟು, ಇನ್ನೊಂದು ಮಳೆ ನೋಡುತ್ತೇನೆಂದರು. ಅಲ್ಲಿಯವರೆಗೆ ಮಾವ ಹಳ್ಳಕ್ಕೆ ಇಳಿಯುವಂತಿಲ್ಲ.

ಹನ್ನೊಂದನೆಯ ದಿನ ಮಳೆ ಹೊಯ್ಯಿತು. ಮಾರನೆಯ ಬೆಳಿಗ್ಗೆ ಮಾವ ಆರಕ್ಕೇ ಎದ್ದು, ಕಾಲುಸೇತುವೆಯ ಮೇಲೆ ನಿಂತರು. ಬರಿಗೈ ಸುಮ್ಮನಿರದೆಂದು ಅತ್ತೆ ಎರಡು ಕೈಗೂ ಒಂದೊಂದು ತುಂಬಿದ ಚೀಲ ಕೊಟ್ಟು ಕಳಿಸಿದ್ದರು. ನೀರು ತಿಳಿಯಾದಾಗ ಮೂರನೆಯ ತಿರುವಿನಲ್ಲಿ ಒಂದೇ ಒಂದು ಹಳದಿ ಚುಕ್ಕೆಯೂ ಕಾಣಲಿಲ್ಲ. ಮಾವನ ಬೆರಳು ಚಡಪಡಿಸಿದವು. ಸೇತುವೆಯ ಕೆಳಗೇ, ಒಂದು ಮಾರು ದೂರದಲ್ಲಿ, ಹದಿನಾಲ್ಕು ಅಂಗಾತ ಬಿದ್ದು ಅವರನ್ನೇ ನೋಡುತ್ತಿತ್ತು. ಅವರು ಮುಖ ತಿರುಗಿಸಿಕೊಂಡು ಮನೆಗೆ ಬಂದರು. ಒಂದು ವಾರ ಆ ಸೇತುವೆಯ ದಾರಿಯನ್ನೇ ಬಿಟ್ಟು, ಸುತ್ತು ಹಾಕಿಕೊಂಡು ನಡೆದರು.

ಪರೀಕ್ಷಕರು ಅಳೆದಾಗ ನಲವತ್ತೊಂಬತ್ತು ಕಲ್ಲು ಸಿಕ್ಕಿದವು. ಎಲ್ಲಕ್ಕಿಂತ ದೂರ ಓಡಿದ್ದು ನೂರಾ ಹತ್ತು ಮೀಟರ್. ಹನ್ನೊಂದು ಪತ್ತೆಯೇ ಇಲ್ಲ. ಕೆಳಭಾಗ ಪಾಸಾಯಿತು. ಆ ತಿಂಗಳ ಕೊನೆಗೆ ಮೇಲ್ಭಾಗದ ಒಪ್ಪಿಗೆಯೂ ಬಂತು.

ಅದು ಬಂದ ದಿನ ತಿರುವಕ್ಕ ಮಾವನನ್ನು ಕರೆದುಕೊಂಡು ಶಾಲೆಯ ಹಿಂದಿನ ಚರಂಡಿಗೆ ಹೋದಳು. ನೆಟ್ಟಗಿನ ಕಾಂಕ್ರೀಟು, ನಡುವೆ ಕಡ್ಡಿ ಗೀರಿದ ಹಾಗೆ ತೆಳ್ಳನೆಯ ನೀರು. ಅವಳು ಸೀಮೆಸುಣ್ಣದಿಂದ ಗೋಡೆಯ ಮೇಲೆ ಒಂದು ಗುರುತು ಹಾಕಿದಳು.

"ಇದೇನಿದು?"

"ಮೊದಲ ತಿರುವು ಮಾವ. ಇಲ್ಲಿಂದ ಎಡಕ್ಕೆ."

"ನೀನು ಇಲ್ಲಿ ತಿರುಗು ಅಂದ್ರೆ ಅದು ಇಲ್ಲೇ ತಿರುಗುತ್ತಾ?"

"ನಾನು ಒಂದು ಮಾತು ಹೇಳಿ ನೋಡೋದು. ಕೇಳೋದು ಬಿಡೋದು ಅದರ ಇಷ್ಟ."

ಮಾವ ಗುರುತನ್ನೂ ನೀರನ್ನೂ ಸೊಸೆಯನ್ನೂ ಸರದಿಯಂತೆ ನೋಡಿದರು.

"ಗೊತ್ತಾಯ್ತು ಬಿಡು," ಎಂದರು. "ನನ್ನ ಮಗನಿಗೆ ನೀನು ಹೇಳಿದ ಹಾಗೆ."